‘ಸರ್ವರ್ ಇಲ್ಲ’ ಎಂಬ ಮಾತಿನ ಚರಿತ್ರೆ

ನಮ್ಮ ಕೈಲಾಂಚ ಹೋಬಳಿಯಲ್ಲಿ ಕಚೇರಿ ಕೆಲಸಕ್ಕೆ ಹೋದವರು ಹಿಂದೆಲ್ಲ ‘ಸಾಹೇಬ್ರು ಇಲ್ಲ’ ಅಂತ ವಾಪಸ್ ಬರುತ್ತಿದ್ದರು. ಈಗ ‘ಸರ್ವರ್ ಇಲ್ಲ’ ಅಂತ ಬರುತ್ತಾರೆ. ಸಾಹೇಬರು ಬಂದಿದ್ದಾರೋ ಇಲ್ಲವೋ ಎಂಬುದನ್ನು ಹೊರಗೆ ನಿಂತ ಜೀಪು ನೋಡಿ ತಿಳಿಯಬಹುದಿತ್ತು. ಸರ್ವರ್ ಬಂತೋ ಇಲ್ಲವೋ ಎಂದು ಯಾರನ್ನು ಕೇಳುವುದು?

ನಮ್ಮದು ರೇಷ್ಮೆ ಸೀಮೆ. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದರ ಹಸಿವಿಗೆ ಸೊಪ್ಪು ಹಾಕುವುದೇ ಒಂದು ದಿನದ ದುಡಿಮೆ. ಅಂಥ ದಿನ ಒಂದು ಪಹಣಿಗಾಗಿ ಬಸ್ಸು ಹತ್ತಿ ಹೋಗಿ ಬರಿಗೈಯಲ್ಲಿ ಬರುವವರಿಗೆ ಬಸ್ ಚಾರ್ಜಿಗಿಂತ ದೊಡ್ಡ ನಷ್ಟವಾಗುತ್ತದೆ.

ಪಹಣಿಯ ಕಥೆಯನ್ನೇ ನೋಡಿ. ಒಂದು ಕಾಲಕ್ಕೆ ಊರಿನ ಲೆಕ್ಕವೆಲ್ಲ ಶಾನುಭೋಗರ ಬಳಿ ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಪುಸ್ತಕ ಗ್ರಾಮ ಲೆಕ್ಕಿಗರ ಕೈಗೆ ಬಂತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಆ ಕೇಂದ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಎರಡನೇ ಪರದೆ. ಒಂದು ಪರದೆ ನೌಕರರ ಕಡೆಗೆ, ಇನ್ನೊಂದು ರೈತರ ಕಡೆಗೆ. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊರಗೆ ನಿಂತವರೂ ನೋಡಬಹುದಿತ್ತು. 2012ರಲ್ಲಿ ರಾಜ್ಯವ್ಯಾಪಿಯಾಗಿ ಜಾರಿಗೆ ಬಂದ ‘ಸಕಾಲ’ ಇನ್ನೊಂದು ಹೆಜ್ಜೆ ಇಟ್ಟಿತು. ಅರ್ಜಿಗೊಂದು ಸಂಖ್ಯೆ ಕೊಟ್ಟು, ಅದು ಎಲ್ಲಿಗೆ ಬಂತು ಎಂದು ಕೇಳಿ ತಿಳಿಯುವ ಹಕ್ಕು ಕೊಟ್ಟಿತು.

ಆದರೆ ಆ ಸಂಖ್ಯೆ ಹೇಳುವುದು ಅರ್ಜಿಯ ಸ್ಥಿತಿಯನ್ನು, ಯಂತ್ರದ ಸ್ಥಿತಿಯನ್ನಲ್ಲ.

ಯಂತ್ರದ ಸ್ಥಿತಿ ಹೇಳುವ ಪುಟಕ್ಕೆ ‘ಸ್ಟೇಟಸ್ ಪೇಜ್’ ಎನ್ನುತ್ತಾರೆ. ತನ್ನ ಸೇವೆ ಪದೇ ಪದೇ ನಿಂತು ಗ್ರಾಹಕರ ಸಿಟ್ಟಿಗೆ ಗುರಿಯಾದ ಸೇಲ್ಸ್‌ಫೋರ್ಸ್ ಕಂಪನಿ 2006ರಲ್ಲಿ ಅಂಥ ಪುಟವನ್ನು ಎಲ್ಲರಿಗೂ ತೆರೆದಿಟ್ಟಿತು. 2017ರ ಫೆಬ್ರವರಿ 28ರಂದು ಅಮೆಜಾನ್ ಇನ್ನೊಂದು ಪಾಠ ಕಲಿಸಿತು. ಒಂದು ತಪ್ಪು ಆದೇಶದಿಂದ ಅದರ ಎಸ್3 ಎಂಬ ಶೇಖರಣಾ ಸೇವೆ ಗಂಟೆಗಟ್ಟಲೆ ಕುಸಿಯಿತು. ಸ್ಥಿತಿ ತಿಳಿಸುವ ಪುಟವೂ ಅದೇ ಎಸ್3 ಅನ್ನು ನೆಚ್ಚಿಕೊಂಡಿದ್ದರಿಂದ ಸುಮಾರು ಎರಡು ಗಂಟೆ ಅದನ್ನು ಬದಲಿಸಲಾಗಲಿಲ್ಲ. ಸುದ್ದಿಯನ್ನು ಟ್ವಿಟರ್‌ನಲ್ಲಿ ಹೇಳಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಕೂಗುವವರು ಅದೇ ಮನೆಯೊಳಗೆ ಸಿಕ್ಕಿಕೊಂಡಿದ್ದರು.

2021ರಲ್ಲಿ ಲೂಯಿಸ್ ಲ್ಯಾಮ್ ‘ಅಪ್‌ಟೈಮ್ ಕುಮಾ’ ಎಂಬ ಮುಕ್ತ ತಂತ್ರಾಂಶ ಹೊರತಂದರು. ಜಪಾನಿಯಲ್ಲಿ ಕುಮಾ ಎಂದರೆ ಕರಡಿ. ರಾಮನಗರದ ಬೆಟ್ಟಗಳಿಗೆ ಹೊಸ ಪ್ರಾಣಿಯೇನಲ್ಲ. ನಮ್ಮದೇ ಪುಟ ಕಟ್ಟಿಕೊಳ್ಳಲು ಇದನ್ನು ಬಳಸಬಹುದು. ಹೇಳಿದಷ್ಟು ಹೊತ್ತಿಗೊಮ್ಮೆ ಜಾಲತಾಣದ ಬಾಗಿಲು ತಟ್ಟುತ್ತದೆ. 200 ಎಂಬ ಉತ್ತರ ಬಂದರೆ ಸರಿ. 503 ಬಂದರೆ, ಅಥವಾ ಉತ್ತರವೇ ಬಾರದಿದ್ದರೆ, ಹೊತ್ತು ಸಮೇತ ಬರೆದಿಡುತ್ತದೆ.

ನಮ್ಮೂರಿನವರು ಹೆಚ್ಚು ಬಳಸುವ ಕೆಲವು ಜಾಲತಾಣಗಳಿಗಾಗಿ ನಾನೂ ಒಂದು ಪುಟ ಕಟ್ಟಿದ್ದೇನೆ. ಐದು ನಿಮಿಷಕ್ಕೊಮ್ಮೆ ತಟ್ಟಿದರೆ ಸಾಕು, ಅವರಿಗೂ ಹೊರೆಯಾಗಬಾರದಲ್ಲ. ಅದನ್ನು ಮನೆಯ ಕಂಪ್ಯೂಟರಿನಲ್ಲಿ ಇಡದೆ, ಬೇರೆ ಊರಿನ ಬಾಡಿಗೆ ಸರ್ವರಿನಲ್ಲಿ ಇಟ್ಟಿದ್ದೇನೆ. ಮನೆಯಲ್ಲಿಟ್ಟರೆ ನಮ್ಮ ಇಂಟರ್‌ನೆಟ್ ಹೋದಾಗಲೆಲ್ಲ ಲೋಕವೇ ನಿಂತಿದೆ ಎಂದು ಸುಳ್ಳು ದಾಖಲೆ ಬರೆಯುತ್ತದೆ. ಪುಟದಲ್ಲಿ ಮೂರೇ ಮಾತು: ‘ನಡೀತಿದೆ’, ‘ನಿಧಾನ’, ‘ನಿಂತಿದೆ’. ಮುಖಪುಟ ತೆರೆದು ಓಟಿಪಿ ಬಾರದಿದ್ದರೆ ಇದಕ್ಕೆ ಗೊತ್ತಾಗುವುದಿಲ್ಲ. ಆ ಮಾತನ್ನೂ ಕೆಳಗೆ ಬರೆದಿದ್ದೇನೆ.

ಚರಿತ್ರೆ ಓದುವವರಿಗೆ ಇದರಲ್ಲಿ ಇನ್ನೊಂದು ಆಸ್ತಿ ಇದೆ. ಶಾನುಭೋಗರ ಪುಸ್ತಕದಲ್ಲಿ ಜಮೀನಿನ ವಿವರ ಇರುತ್ತಿತ್ತು, ರೈತ ಎಷ್ಟು ಸಲ ಬಂದು ಹಿಂತಿರುಗಿದ ಎಂಬುದಲ್ಲ. ‘ಸರ್ವರ್ ಇಲ್ಲ’ ಎಂಬುದು ಬಾಯಿಮಾತಾಗಿ ಉಳಿದಷ್ಟು ದಿನ ಅದು ಬರೀ ಗೊಣಗಾಟ. ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಎಷ್ಟು ಹೊತ್ತಿಗೆ ಎದ್ದಿತು ಎಂದು ಬರೆದಿಟ್ಟರೆ ಗ್ರಾಮಸಭೆಯಲ್ಲಿ ಮುಂದಿಟ್ಟು ಮಾತಾಡಬಹುದು. ಅದಕ್ಕೂ ಮೊದಲು, ಸೊಪ್ಪು ಹಾಕುವ ಹೊತ್ತಿನಲ್ಲಿ ಬಸ್ಸು ಹತ್ತಬೇಕೋ ಬೇಡವೋ ಎಂದು ಮನೆಯಲ್ಲೇ ಫೋನು ನೋಡಿ ತೀರ್ಮಾನಿಸಬಹುದು.