ಹರಿಗೋಲಿನ ಮರುಲೇಪನ: ಡಾಂಬರೋ, ಬಣ್ಣವೋ?

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಮೀನುಗಾರಿಕೆಗೆ ಕೆರೆಗಳೇ ಆಧಾರ. ಕೆರೆ ಬತ್ತಿದರೆ ಹರಿಗೋಲುಗಳು ದಡದಲ್ಲಿ ಬಿಸಿಲಿಗೆ ಒಣಗುತ್ತವೆ. ಆದ್ದರಿಂದ ಲೇಪನವನ್ನು ಆರಿಸುವಾಗ ನೀರಿನಷ್ಟೇ ಬಿಸಿಲನ್ನೂ ಗಮನಿಸಬೇಕಾಗುತ್ತದೆ.

ಬಿದಿರಿನ ಹರಿಗೋಲಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲಿನ್ ಹೊದಿಸಿ ಡಾಂಬರು ಬಳಿಯುವುದು ರೂಢಿ. ಡಾಂಬರು ಅಗ್ಗ, ಬಿದಿರು ಬಾಗಿದಂತೆ ತಾನೂ ಬಾಗುತ್ತದೆ. ಆದರೆ ಬಿಸಿಲಿಗೆ ಮೆದುವಾಗಿ, ಕಾಲಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ದೋಣಿಯನ್ನು ಬೋರಲು ಹಾಕಿ ನೆರಳಿನಲ್ಲಿಡುವುದು ಲೇಸು.

ಫೈಬರ್ ದೋಣಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಾಲಿಯುರೆಥೇನ್ ಬಣ್ಣ ಸೂಕ್ತ. ಎಪಾಕ್ಸಿ ನೀರನ್ನು ತಡೆದರೂ ಬಿಸಿಲಿಗೆ ಪುಡಿಯೇಳುವುದರಿಂದ ಮೇಲ್ಪದರ ಅನಿವಾರ್ಯ.

ಕಡಲ ಹಡಗುಗಳ ತಳಕ್ಕೆ ಬಳಿಯುವ ಪಾಚಿನಿರೋಧಕ ಬಣ್ಣ ಮಾತ್ರ ಕೆರೆಗೆ ಸಲ್ಲದು. ಅದರಲ್ಲಿನ ತಾಮ್ರ ಜಲಚರಗಳಿಗೆ ವಿಷ. ಇಂತಹ ಬಣ್ಣಗಳಲ್ಲಿ ತವರದ ಸಾವಯವ ಸಂಯುಕ್ತಗಳನ್ನು ನಿಷೇಧಿಸಿದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು. ನಿಂತ ನೀರಿನಲ್ಲಿ ವಿಷ ಕೊಚ್ಚಿಹೋಗಲು ದಾರಿಯೂ ಇಲ್ಲ.

ಯಾವ ಲೇಪನವಾದರೂ ಸಡಿಲಗೊಂಡ ಹಳೆಯ ಪದರವನ್ನು ಕೆರೆದು, ಪೂರ್ತಿ ಒಣಗಿಸಿದ ನಂತರವೇ ಬಳಿಯಬೇಕು. ಒದ್ದೆಯ ಮೇಲೆ ಬಳಿದದ್ದು ಬೇಗ ಕಿತ್ತುಬರುತ್ತದೆ. ನಡುಗೆರೆಯಲ್ಲಿ ಸೋರಿದರೆ ಜೀವಕ್ಕೇ ಅಪಾಯ.