ಗಂಜಾಂನ ದೊಡ್ಡ ಸ್ವಾಮಿಯವರು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ‘ಸಮಾಜ, ರಾಜಕಾರಣ ಹಾಗೂ ಸಂಸ್ಕೃತಿಯಲ್ಲಿ ಧರ್ಮದ ಪಾತ್ರ’ ಎಂಬ ವಿಷಯವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದಾಗ ನಾವು ಕೆಲಕಾಲ ಹಿಂಜರಿದೆವು. ವಿಷಯವು ಕಡಲಿನಷ್ಟು ವಿಶಾಲವಾದುದು. ನಮ್ಮ ಕೈಯಲ್ಲಿರುವುದಾದರೋ ಬೊಗಸೆ. ಆದುದರಿಂದ ಸಿದ್ಧಾಂತಗಳ ಗೊಡವೆಗೆ ಹೋಗದೆ, ನಮ್ಮ ಮೈಸೂರು ಸೀಮೆಯಲ್ಲಿಯೇ ದುಡಿದ ಒಬ್ಬ ಧರ್ಮಗುರುವಿನ ಬಾಳನ್ನು ಮುಂದಿಟ್ಟುಕೊಂಡು ನಾಲ್ಕು ಮಾತುಗಳನ್ನು ಹೇಳಲು ನಿಶ್ಚಯಿಸಿದೆವು. ಅವರೇ ಅಬ್ಬೆ ದುಬ್ವಾ; ಅಂದಿನ ಹಳ್ಳಿಯ ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’.

ಫ್ರಾನ್ಸ್ ದೇಶದ ಸೇಂಟ್ ರೆಮೇಜ್ ಎಂಬ ಗ್ರಾಮದಲ್ಲಿ 1765ರಲ್ಲಿ ಜನಿಸಿದ ದುಬ್ವಾ ಸ್ವಾಮಿಗಳು 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟರು. ಆಗ ಅವರ ತಾಯ್ನಾಡಿನಲ್ಲಿ ಮಹಾಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿತ್ತು; ಗುರುಗಳ ತಲೆ ಹೆಗಲ ಮೇಲೆ ಉಳಿಯುವುದೇ ದುಸ್ತರವಾಗಿದ್ದ ಕಾಲವದು. ಅವರು ಇಲ್ಲಿಗೆ ಬರುವ ವೇಳೆಗೆ ನಮ್ಮ ನಾಡಿನ ಧರ್ಮಸಭೆಯ ಸ್ಥಿತಿಯೂ ಸುಖದ್ದಾಗಿರಲಿಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಲಿಯೊನಾರ್ಡೊ ಚಿನ್ನಾಮಿ ಮೊದಲಾದ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಈ ಸೀಮೆಯಲ್ಲಿ ಕ್ರೈಸ್ತ ಸಮುದಾಯವನ್ನು ಬೆಳೆಸಿದ್ದರು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನೇ ವಿಸರ್ಜಿಸಿದ್ದರಿಂದ ಆ ಮಂದೆಯು ಕುರುಬನಿಲ್ಲದಂತಾಯಿತು. ತರುವಾಯ ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಸ್ಥೆಯವರು ಆ ಭಾರವನ್ನು ಹೊತ್ತರು. 1784ರಲ್ಲಿ ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರು ಸೆರೆಯಾಗಿ ಘಟ್ಟವನ್ನೇರಿ ಶ್ರೀರಂಗಪಟ್ಟಣಕ್ಕೆ ಬಂದುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಅವರ ಸಂಖ್ಯೆಯ ವಿಷಯದಲ್ಲಿ ದಾಖಲೆಗಳು ಒಂದನ್ನೊಂದು ಒಪ್ಪುವುದಿಲ್ಲ. ಅವರ ಸಂಕಟದ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಚದುರಿಹೋಗಿದ್ದ ಕ್ರೈಸ್ತರನ್ನು ಮರಳಿ ಒಗ್ಗೂಡಿಸಲು ದುಬ್ವಾ ಸ್ವಾಮಿಗಳು ಅಲ್ಲಿಗೆ ಬಂದರು. ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರೇ ಅವರನ್ನು ಕರೆಸಿದರೆಂದು ಹೇಳಿಕೆಯಿದೆ. ಬಲವಂತದಿಂದ ಮತಾಂತರಗೊಂಡಿದ್ದವರು ಒಬ್ಬೊಬ್ಬರಾಗಿ ಹಿಂದಿರುಗಿ ಬಂದಾಗ ಅವರು ಬಾಗಿಲು ಮುಚ್ಚಲಿಲ್ಲ. ಆದರೆ ಅವರ ಲೇಖನಿಗೆ ಅಷ್ಟು ಕನಿಕರವಿರಲಿಲ್ಲ. ಅಷ್ಟೊಂದು ಸಾವಿರ ಜನರಲ್ಲಿ ಒಬ್ಬನಾದರೂ ರಕ್ತಸಾಕ್ಷಿಯಾಗಲು ಮುಂದೆ ಬರಲಿಲ್ಲವೆಂದು ಅವರು ಮುಂದೆ ಕಟುವಾಗಿ ಬರೆದರು. ಈ ಮಾತನ್ನು ನಾವು ಒಪ್ಪಲಾರೆವು. ಸೆರೆಮನೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡಿದ್ದ ತಂದೆತಾಯಂದಿರ ಧೈರ್ಯವನ್ನು ಸೆರೆಯ ಹೊರಗೆ ಕುಳಿತು ಅಳೆಯುವುದು ಸುಲಭ.

ಸ್ವಾಮಿಗಳು ಈ ನೆಲದವರಂತೆ ಉಡುಪು ತೊಟ್ಟು, ಮುಂಡಾಸು ಸುತ್ತಿ, ಇಲ್ಲಿಯವರ ಆಚಾರಕ್ಕೆ ನೋವಾಗದಂತೆ ಊಟೋಪಚಾರಗಳನ್ನು ನಡೆಸಿಕೊಂಡು ಬಾಳಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಕ್ರೈಸ್ತ ರೈತರನ್ನು ನೆಲೆಗೊಳಿಸಿದರು. ಆದರೆ ಅವರ ಕಾರ್ಯಗಳಲ್ಲೆಲ್ಲಾ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುವುದು ಸಿಡುಬಿನ ವಿರುದ್ಧ ಅವರು ಹೂಡಿದ ಹೋರಾಟ.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು 1798ರಲ್ಲಿ ಪ್ರಕಟಿಸಿದರು. ಆ ರಸವು 1802ರಲ್ಲಿ ಮುಂಬಯಿಗೆ ತಲಪಿತು. ಅದನ್ನು ಸೀಸೆಯಲ್ಲಿ ತುಂಬಿ ದೂರಕ್ಕೆ ಕಳುಹಿಸುವ ಅನುಕೂಲವು ಅಂದು ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದ ರಸವನ್ನು ಇನ್ನೊಬ್ಬರ ತೋಳಿಗೆ, ಅವರಿಂದ ಮತ್ತೊಬ್ಬರಿಗೆ, ಹೀಗೆ ಮನುಷ್ಯರ ಸರಪಣಿಯ ಮೂಲಕವೇ ಅದು ಊರಿಂದೂರಿಗೆ ನಡೆಯಬೇಕಾಗಿತ್ತು. ಜಾತಿಯಿಂದ ಜಾತಿಗೆ ನೀರು ಕೂಡ ದಾಟದಿದ್ದ ಕಾಲದಲ್ಲಿ ಯಾರ ಮೈಯ ರಸ ಯಾರ ಮೈಗೆ ಎಂಬ ಪ್ರಶ್ನೆಯು ಎಷ್ಟು ಬಿಗಿಯಾದುದೆಂಬುದನ್ನು ವಾಚಕರೇ ಊಹಿಸಬಹುದು. ಮೇಲಾಗಿ ಸಿಡುಬು ಬರಿಯ ರೋಗವಾಗಿರಲಿಲ್ಲ. ಅದು ‘ಅಮ್ಮ’ನ ಬರವು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಲಸಿಕೆ ಚುಚ್ಚುವುದನ್ನು ನಮ್ಮ ಹಿರಿಯರು ‘ದೇವಿ ಹಾಕುವುದು’ ಎಂದೇ ಕರೆದರು. ವಿಜ್ಞಾನವು ಹಳ್ಳಿಯನ್ನು ಹೊಕ್ಕರೂ ದೇವಿಯ ಹೆಸರನ್ನು ಹೊತ್ತೇ ಹೊಕ್ಕಿತು. (ಇದನ್ನು ಕೇಳಿ ನಗುವ ಕ್ರೈಸ್ತರು, ಪ್ಲೇಗಿನ ಭಯದಲ್ಲಿ ಸಂತ ಸೆಬಾಸ್ಟಿಯನರ ಹಾಗೂ ಸಂತ ರೋಕರ ಮೊರೆಹೊಕ್ಕ ನಮ್ಮ ಪೂರ್ವಿಕರನ್ನೂ ಸ್ಮರಿಸಿಕೊಳ್ಳುವುದು ಲೇಸು.)

ಇಂತಹ ನಾಡಿನಲ್ಲಿ ದುಬ್ವಾ ಸ್ವಾಮಿಗಳು 1803-04ರ ಅವಧಿಯಲ್ಲಿ ಲಸಿಕೆ ಹಾಕಿಸಿದವರ ಲೆಕ್ಕವು ಉಳಿದುಬಂದಿದೆ: 25,432 ಮಂದಿ. ಅದೇ ಕಾಲದಲ್ಲಿ ಮೈಸೂರಿನ ಅರಮನೆಯೂ ಈ ಕಾರ್ಯಕ್ಕೆ ಬೆಂಬಲವಿತ್ತಿತು. ಥಾಮಸ್ ಹಿಕಿ ಎಂಬ ಚಿತ್ರಕಾರನು ಸುಮಾರು 1805ರಲ್ಲಿ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಕಿರಿಯ ರಾಣಿಯೊಬ್ಬಳು ಲಸಿಕೆ ಹಾಕಿಸಿಕೊಂಡ ತೋಳಿನತ್ತ ಕೈ ತೋರಿಸುತ್ತಿರುವಳೆಂದು ಇತ್ತೀಚೆಗೆ ವಿದ್ವಾಂಸರೊಬ್ಬರು ವಾದಿಸಿದ್ದಾರೆ. ಅರಮನೆ, ಕಂಪನಿ, ಇಗರ್ಜಿ ಮೂರೂ ಒಂದೇ ಕಾರ್ಯಕ್ಕೆ ಕೈಹಚ್ಚಿದ ಸಂದರ್ಭಗಳು ಚರಿತ್ರೆಯಲ್ಲಿ ವಿರಳ. ಸಿಡುಬು ಭೂಮಿಯಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು.

ಈ 25,432ರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಡಬೇಕಾಗಿದೆ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳ ಸಂಪುಟದಲ್ಲಿ ಸ್ವಾಮಿಗಳು, ತಮ್ಮ ದೀರ್ಘ ಸೇವೆಯಲ್ಲಿ ಇನ್ನೂರರಿಂದ ಮುನ್ನೂರು ಮಂದಿಯನ್ನು ಮಾತ್ರ ಕ್ರೈಸ್ತರನ್ನಾಗಿಸಿದುದಾಗಿಯೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೋ ಭಿಕ್ಷುಕರೋ ಆಗಿದ್ದರೆಂದೂ ಬರೆದುಕೊಂಡರು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಕಾಲವು ಮುಗಿಯಿತೆಂಬುದೇ ಆ ಪುಸ್ತಕದ ತೀರ್ಪು. ಪ್ರಾಟೆಸ್ಟೆಂಟ್ ಪಾದ್ರಿಗಳು ಕೆರಳಿ ಅದಕ್ಕೆ ಉತ್ತರಗಳನ್ನು ಅಚ್ಚು ಹಾಕಿಸಿದರು. ಸ್ವಾಮಿಗಳು ಅದನ್ನು ಸೋಲೆಂದು ಬರೆದರು. ನಮಗಾದರೋ ಆ ‘ಅಸ್ಪೃಶ್ಯರೋ ಭಿಕ್ಷುಕರೋ’ ಎಂಬ ಮಾತೇ ಚುಚ್ಚುತ್ತದೆ. ಗಲಿಲೇಯದ ಬೆಸ್ತರನ್ನು ಹಿಂಬಾಲಿಸಿದವರು ಇನ್ನಾರನ್ನು ನಿರೀಕ್ಷಿಸಿದ್ದರು?

ರಾಜಕಾರಣದ ಮಾತಿಗೆ ಬರೋಣ. ಹಿಂದೂಗಳ ಆಚಾರ, ಪದ್ಧತಿ, ಸಂಸ್ಕಾರಗಳನ್ನು ಕುರಿತು ಸ್ವಾಮಿಗಳು ಸಿದ್ಧಪಡಿಸಿದ್ದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. 1807ರಲ್ಲಿ ಕಂಪನಿ ಸರ್ಕಾರವು ಎರಡು ಸಾವಿರ ವರಾಹಗಳನ್ನು ಕೊಟ್ಟು ಅದನ್ನು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಹೊರಬಂದಿತು. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದಾಗ ಇಂಗ್ಲಿಷ್ ಕಂಪನಿಯು ಒಬ್ಬ ಫ್ರೆಂಚ್ ಗುರುವಿನ ಬರಹಕ್ಕೆ ಹಣ ಸುರಿದುದೇಕೆ? ಆಳಬೇಕಾದ ಜನರನ್ನು ಅರಿಯದೆ ಆಳುವುದು ಅಸಾಧ್ಯವೆಂಬುದು ಅದಕ್ಕೆ ಮನವರಿಕೆಯಾಗಿತ್ತು. ಆತ್ಮಗಳ ರಕ್ಷಣೆಗೆಂದು ಗಳಿಸಿದ ತಿಳಿವಳಿಕೆಯು ಹೀಗೆ ಕಚೇರಿಯ ಕಡತವಾಯಿತು. ಆ ತಿಳಿವಳಿಕೆಯೂ ಪೂರ್ತಿಯಾಗಿ ಅವರದೇ ಆಗಿರಲಿಲ್ಲ. ಗ್ರಂಥದ ಬಹುಭಾಗವು ಯೇಸುಸಭೆಯ ಕೂರ್ದೂ ಸ್ವಾಮಿಗಳ ಬರಹವನ್ನು ಆಧರಿಸಿದೆಯೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸರಿಗಿಂತ ಮೊದಲೇ ಗುರುತಿಸಿದ್ದ ಮಹನೀಯರಿವರು. ಎರಡು ಸಲವೂ ಕೀರ್ತಿಯು ಅನ್ಯರ ಪಾಲಾಯಿತು.

ಅದೇ ಗ್ರಂಥದಲ್ಲಿ ದುಬ್ವಾ ಸ್ವಾಮಿಗಳು ಜಾತಿವ್ಯವಸ್ಥೆಯನ್ನು ಹಿಂದೂ ಶಾಸನಕರ್ತರ ಶ್ರೇಷ್ಠ ಸೃಷ್ಟಿಯೆಂದು ಹೊಗಳಿದರು. ಸ್ವದೇಶದಲ್ಲಿ ಕ್ರಾಂತಿಯು ಸಮಾಜದ ಕಟ್ಟುಗಳನ್ನೆಲ್ಲಾ ಹರಿದುದನ್ನು ಕಂಡು ನೊಂದ ಕಣ್ಣಿಗೆ ಇಲ್ಲಿಯ ಕಟ್ಟು ಸುಂದರವಾಗಿ ತೋರಿರಬಹುದು. ಅದರಡಿಯಲ್ಲಿ ನರಳುತ್ತಿದ್ದವರ ದುರವಸ್ಥೆಯನ್ನೂ ಅವರು ಬಣ್ಣಿಸದೆ ಇರಲಿಲ್ಲ. ಆದರೂ ತೀರ್ಪು ಮಾತ್ರ ಹಾಗೆ ಬಂದಿತು. ಜಾತಿಯು ಇಗರ್ಜಿಯ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಮಲಬಾರ್ ಆಚಾರಗಳ ವಿವಾದವು ರೋಮಿನವರೆಗೂ ಹೋಗಿ 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರ ಕಟ್ಟಪ್ಪಣೆಯಿಂದ ಮುಗಿಯಿತಾದರೂ, ಪ್ರತ್ಯೇಕ ಸಾಲು, ಪ್ರತ್ಯೇಕ ಸ್ಮಶಾನಗಳು ದಕ್ಷಿಣದ ಹಲವೆಡೆ ಬಹುಕಾಲ ಉಳಿದವು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಏಳಿಗೆಗಾಗಿ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗಿನ ಈ ಪಾಪವನ್ನು ತಾನಾಗಿ ಒಪ್ಪಿಕೊಂಡುದು 2016ರಲ್ಲಿ. ಇತ್ತ 1950ರ ಪರಿಶಿಷ್ಟ ಜಾತಿಗಳ ಆಜ್ಞೆಯು ಮೊದಲು ಹಿಂದೂಗಳಿಗೂ, 1956ರಲ್ಲಿ ಸಿಖ್ಖರಿಗೂ, 1990ರಲ್ಲಿ ಬೌದ್ಧರಿಗೂ ಅನ್ವಯವಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ರಾಜ್ಯವು ಅವರಿಗೆ ಜಾತಿಯಿಲ್ಲವೆಂದಿತು, ನೆರೆಹೊರೆಯವರು ಇದೆಯೆಂದರು, ಕೆಲವೆಡೆ ನಮ್ಮ ಪೀಠಗಳೂ ಇದೆಯೆಂದವು.

1823ರ ಜನವರಿಯಲ್ಲಿ ದುಬ್ವಾ ಸ್ವಾಮಿಗಳು ಭಾರತವನ್ನು ಬಿಟ್ಟರು. ಹಡಗಿನ ವೆಚ್ಚವನ್ನೂ ವಿಶ್ರಾಂತಿವೇತನವನ್ನೂ ಕಂಪನಿಯೇ ನೀಡಿತು. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಮುಖ್ಯಸ್ಥರಾದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ಇನ್ನು ಫಲವಿಲ್ಲವೆಂದು ತೀರ್ಪಿತ್ತು ಹೋದವರು ಈ ನಾಡಿನ ನರಿ, ಕಾಗೆ, ಸಿಂಹಗಳನ್ನು ಬಿಟ್ಟಿರಲಾರದೆ ಹೋದರೆಂಬುದನ್ನು ನೆನೆದಾಗ ನಮಗೆ ಅವರ ಮೇಲೆ ವಿಶೇಷ ಪ್ರೀತಿಯುಂಟಾಗುತ್ತದೆ. 1848ರ ಫೆಬ್ರವರಿಯಲ್ಲಿ ಅವರು ಕಾಲವಾದರು. ಗಂಜಾಂನ ದೇವಾಲಯವನ್ನು ಜನರು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.