ಬಯಾರ್‌ನ ಆತ್ಮಚಿತ್ರ: ಸಾಕ್ಷಿಯಾಗಿ ವಿವಸ್ತ್ರ ದೇಹ

ಛಾಯಾಗ್ರಹಣದ ಚರಿತ್ರೆಕಾರರಲ್ಲಿ ಹೆಚ್ಚಿನವರು 1839ನೆಯ ಇಸವಿಯನ್ನು ದಾಗೆರ್‌ನ ಹೆಸರಿಗೆ ಬಿಟ್ಟುಕೊಟ್ಟಿದ್ದಾರೆ. ಆ ವರ್ಷದ ಜನವರಿ 7ರಂದು ವಿಜ್ಞಾನಿ ಅರಾಗೊ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ದಾಗೆರ್‌ನ ಆವಿಷ್ಕಾರವನ್ನು ಸಾರಿದನು. ಸರ್ಕಾರ ವರ್ಷಕ್ಕೆ 6000 ಫ್ರಾಂಕುಗಳ ವೇತನವನ್ನು ಗೊತ್ತುಮಾಡಿತು. ಅದೇ ನಗರದ ಹಣಕಾಸು ಇಲಾಖೆಯಲ್ಲಿ ಗುಮಾಸ್ತನಾಗಿದ್ದ ಇಪೊಲಿತ್ ಬಯಾರ್ (1801-1887) ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸುವ ಬೇರೊಂದು ವಿಧಾನವನ್ನು ಕಂಡುಕೊಂಡಿದ್ದನು. ದಾಗೆರ್‌ನ ವಿಧಾನದ ವಿವರಗಳು ಆಗಸ್ಟ್ 19ರಂದು ಬಹಿರಂಗಗೊಳ್ಳುವ ಮೊದಲೇ, ಜೂನ್ 24ರಂದು, ಆತ ತನ್ನ ಚಿತ್ರಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದ್ದನೆಂಬುದು ಗಮನಾರ್ಹ. ಅವನಿಗೆ ದೊರೆತದ್ದು 600 ಫ್ರಾಂಕುಗಳು ಮಾತ್ರ.

1840ರ ಅಕ್ಟೋಬರಿನಲ್ಲಿ ಬಯಾರ್ ತನ್ನನ್ನು ಶವವಾಗಿ ಚಿತ್ರಿಸಿಕೊಂಡನು. ಸೊಂಟದ ಕೆಳಗೆ ಬಟ್ಟೆ, ಮೇಲೆ ಬರಿಮೈ. ಪಕ್ಕಕ್ಕೆ ಒರಗಿದ ತಲೆ, ಮುಚ್ಚಿದ ಕಣ್ಣು, ಮಡಿಲಲ್ಲಿ ಜೋಡಿಸಿದ ಕೈಗಳು, ಬದಿಗೆ ಅಗಲವಾದ ಹುಲ್ಲಿನ ಟೋಪಿ. ದಾಗೆರ್‌ಗೆ ಬಹಳ ಕೊಟ್ಟ ಸರ್ಕಾರ ತನಗೇನೂ ಮಾಡಲಾಗದೆಂದುದರಿಂದ ಈ ನತದೃಷ್ಟ ನೀರಿಗೆ ಬಿದ್ದನೆಂದು ಚಿತ್ರದ ಹಿಂಬದಿಯಲ್ಲಿ ಬರೆದನು. ಕಣ್ಣು ಮುಚ್ಚಿದುದು ಅಭಿನಯಕ್ಕಾಗಿ ಮಾತ್ರವಲ್ಲ. ಹಲವು ನಿಮಿಷ ಕದಲದೆ ಕೂರಬೇಕಿದ್ದ ಆ ಕಾಲದಲ್ಲಿ ಅದೊಂದು ಅನುಕೂಲವೂ ಆಗಿತ್ತು.

ಈ ಭಂಗಿಯಲ್ಲಿ ಶಿಲುಬೆಯಿಂದಿಳಿಸಿದ ಕ್ರಿಸ್ತನನ್ನೂ, ದಾವೀದ್ 1793ರಲ್ಲಿ ಚಿತ್ರಿಸಿದ ಹತನಾದ ಮಾರಾನನ್ನೂ ಗುರುತಿಸುವುದು ಕಷ್ಟವಲ್ಲ. ಆದರೆ ವರ್ಣಚಿತ್ರಕಾರರ ನಗ್ನದೇಹ ಒಂದೇ ಮೈಬಣ್ಣದ ಆದರ್ಶದೇಹ. ಬಯಾರ್‌ನ ಚಿತ್ರದಲ್ಲಿ ಮುಖ ಮತ್ತು ಕೈಗಳು ಕಪ್ಪಾಗಿವೆ, ಎದೆ ಬಿಳುಪಾಗಿದೆ. ಬಿಸಿಲಿಗೊಡ್ಡಿದ ಚರ್ಮ ಯಾವುದು, ಅಂಗಿಯೊಳಗಿದ್ದ ಚರ್ಮ ಯಾವುದು ಎಂಬುದನ್ನು ಯಂತ್ರ ಮುಚ್ಚಿಡಲಿಲ್ಲ. ಕೆಂಪು ಬಣ್ಣವನ್ನು ಗ್ರಹಿಸದ ಅಂದಿನ ರಾಸಾಯನಿಕಗಳು ಆ ಅಂತರವನ್ನು ಮತ್ತಷ್ಟು ಹೆಚ್ಚಿಸಿದವು. ಬಯಾರ್ ಇದನ್ನೂ ಬಳಸಿಕೊಂಡನು: ಶವದ ಮುಖವೂ ಕೈಗಳೂ ಕೊಳೆಯತೊಡಗಿವೆ, ಮೂಗಿನ ಕ್ಷೇಮಕ್ಕಾಗಿ ಮುಂದೆ ಸಾಗಿರೆಂದು ನೋಡುಗರನ್ನು ಎಚ್ಚರಿಸಿದನು. ಗುಮಾಸ್ತನ ಈ ಹಾಸ್ಯದಲ್ಲಿ ಅರ್ಜಿಯ ಧಾಟಿಯೇ ಇದೆ.

ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ 1839ರಲ್ಲೇ ತನ್ನ ಚಿತ್ರವನ್ನು ತೆಗೆದುಕೊಂಡಿದ್ದನು. ಆದರೆ ಅಲ್ಲಿರುವುದು ಕೋಟು ತೊಟ್ಟ ವ್ಯಕ್ತಿಯ ಮುಖಚಿತ್ರ. ಉಡುಪನ್ನು ಕಳಚಿ ದೇಹವನ್ನೇ ದೂರಿನ ಸಾಕ್ಷಿಯಾಗಿ ಮುಂದಿಟ್ಟವನು ಬಯಾರ್. ಇದನ್ನು ಕೇವಲ ವಿನೋದವೆಂದು ಬದಿಗಿಡುವುದು ಸರಿಯಲ್ಲ. ಒಂದೇ ಭಂಗಿಯ ಮೂರು ಪಾಠಗಳನ್ನು ಆತ ತೆಗೆದಿದ್ದಾನೆ.

‘ಮುಳುಗಿ ಸತ್ತ’ ಬಯಾರ್ ಮುಂದೆ 47 ವರ್ಷ ಬದುಕಿದನು. 1851ರಲ್ಲಿ ಫ್ರಾನ್ಸಿನ ಪ್ರಾಚೀನ ಕಟ್ಟಡಗಳನ್ನು ಚಿತ್ರಿಸಲು ಸರ್ಕಾರವೇ ನೇಮಿಸಿದ ಐವರಲ್ಲಿ ಆತನೂ ಒಬ್ಬ. 1854ರಲ್ಲಿ ಸ್ಥಾಪಿತವಾದ ಫ್ರೆಂಚ್ ಛಾಯಾಗ್ರಹಣ ಸಂಘದ ಸ್ಥಾಪಕ ಸದಸ್ಯರಲ್ಲೂ ಒಬ್ಬ. ಆ ಶವದ ಚಿತ್ರ ಅದೇ ಸಂಘದ ಸಂಗ್ರಹಕ್ಕೆ ಸೇರಿದೆ.